ಪ್ರಶ್ನೆ ಕೇಳುವ ಭಾಷೆ

ಇಂಜಿನಿಯರಿಂಗ್ ಪಾಠವನ್ನು ದೇಶಭಾಷೆಗಳಲ್ಲಿ ನಡೆಸಬಹುದೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಕನ್ನಡವೂ ಇದ್ದಿತು. ಆದರೆ ನಮ್ಮ ವಿದ್ಯಾರ್ಥಿಗಳು ಅದರ ಕಡೆಗೆ ಧಾವಿಸಲಿಲ್ಲ. ಕೆಲವರು ಕನ್ನಡಿಗರ ನಿರಭಿಮಾನವನ್ನು ಹಳಿದರು. ಮತ್ತೆ ಕೆಲವರು ಪಾರಿಭಾಷಿಕ ಪದಗಳ ಕೊರತೆಯನ್ನು ಮುಂದುಮಾಡಿದರು. ಈ ಎರಡು ಮಾತುಗಳೂ ರೋಗದ ಮೂಲವನ್ನು ಮುಟ್ಟಿದಂತೆ ನನಗೆ ತೋರುವುದಿಲ್ಲ.

ಜಪಾನಿನ ನಿದರ್ಶನವೊಂದನ್ನು ನೋಡಬಹುದು. ಕಂಪ್ಯೂಟರಿಗೆ ಆದೇಶ ಬರೆಯುವ ಕೃತಕ ಭಾಷೆಗಳಲ್ಲಿ 'ರೂಬಿ' ಎಂಬುದೊಂದು. ಯುಕಿಹಿರೊ ಮತ್ಸುಮೊಟೊ ಎಂಬವರು ಅದನ್ನು ರಚಿಸಿ 1995ರಲ್ಲಿ ಹೊರತಂದರು. ಅದರೊಳಗಿನ ಆದೇಶಪದಗಳು 'ಇಫ್', 'ವೈಲ್', 'ಎಂಡ್' ಮುಂತಾದ ಇಂಗ್ಲಿಷ್ ಪದಗಳೇ. ಜಪಾನೀಯರು ಅದಕ್ಕೇನೂ ಮುನಿಯಲಿಲ್ಲ. ಆದರೆ ಅದರ ಗುಣದೋಷಗಳ ಚರ್ಚೆ, ಹೊಸಬರ ಸಂದೇಹ, ಹಳಬರ ಸಮಾಧಾನ ಇವೆಲ್ಲ ಮೊದಮೊದಲು ನಡೆದುದು ಜಪಾನಿ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಅದರ ಮೊದಲ ಪುಸ್ತಕ ಬಂದದ್ದು 2000ದಲ್ಲಿ. ಅಲ್ಲಿಯವರೆಗೆ ರೂಬಿಯನ್ನು ಆಳವಾಗಿ ಅರಿಯಬಯಸಿದ ಅಮೆರಿಕದವನು ಜಪಾನಿ ಬಲ್ಲವರ ಬಾಗಿಲು ಕಾಯಬೇಕಾಗಿದ್ದಿತು!

ಬ್ರೆಜಿಲ್ ದೇಶದ 'ಲುವಾ' ಬೇರೆ ದಾರಿ ಹಿಡಿಯಿತು. ರಿಯೊ ಡಿ ಜನೈರೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ 1993ರಲ್ಲಿ ಹುಟ್ಟಿದ ಈ ಭಾಷೆಯ ಹೆಸರೇನೋ ಪೋರ್ಚುಗೀಸ್, ಚಂದ್ರನೆಂದು ಅರ್ಥ. ಆದರೆ ಅದರ ರಚಕರಲ್ಲೊಬ್ಬರು 2003ರಲ್ಲಿ ಅದನ್ನು ಕುರಿತ ಪುಸ್ತಕವನ್ನು ಬರೆದುದು ಇಂಗ್ಲಿಷಿನಲ್ಲಿ. ಲೋಕವನ್ನು ಮುಟ್ಟಬೇಕೆನ್ನುವವರಿಗೆ ಅದು ಜಾಣತನವೇ, ನಾನು ಆಕ್ಷೇಪಿಸಲಾರೆ. ಸ್ವಂತ ಊರಿನ ಹುಡುಗನೂ ಅದನ್ನು ಪರಭಾಷೆಯ ಮೂಲಕವೇ ಓದಬೇಕಾಯಿತೆಂಬುದು ಅದಕ್ಕೆ ತೆತ್ತ ಬೆಲೆ.

ನಮ್ಮಲ್ಲಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಎರಡು ವರ್ಷ ನಡೆದು ಅದು ನಿಂತಿತು. ಆಮೇಲೆ ಪದಕೋಶಗಳೂ ಬಂದುವು. ಆ ಪದಗಳನ್ನು ದಿನವೂ ಆಡುವ ಕೂಟ ಮಾತ್ರ ಬೆಳೆಯಲಿಲ್ಲ. 'ಗಣಕ'ವೋ 'ಕಂಪ್ಯೂಟರೋ' ಎಂದು ನಾವು ಸಾಹಿತ್ಯದವರು ಜಗಳವಾಡುತ್ತ ಕುಳಿತೆವು. (ನನ್ನ ಮಟ್ಟಿಗೆ ಎರಡೂ ಸರಿಯೇ.)

ಕನ್ನಡ ಮಾಧ್ಯಮದಿಂದ ಬಂದು ಕಂಪ್ಯೂಟರ್ ವಿಷಯ ಓದುತ್ತಿರುವ ವಿದ್ಯಾರ್ಥಿಗಳನ್ನು ನಾನು ನಿತ್ಯವೂ ಕಾಣುತ್ತೇನೆ. ಯಂತ್ರ ಇಂಗ್ಲಿಷಿನಲ್ಲಿ ಕೊಟ್ಟ ದೋಷಸೂಚನೆಯನ್ನು ಅವರು ಹೇಗೋ ಓದಿ ಗ್ರಹಿಸಿಕೊಳ್ಳುತ್ತಾರೆ. ತಮಗೆ ತಿಳಿಯದುದೇನೆಂಬುದನ್ನು ಆ ಭಾಷೆಯಲ್ಲಿ ಬರೆದು, ದೂರದ ಬಲ್ಲವರನ್ನು ಕೇಳಬೇಕಾದಾಗ ಕೈ ತಡೆಯುತ್ತದೆ. ಓದುವುದಕ್ಕೆ ಅರೆಬರೆ ಇಂಗ್ಲಿಷ್ ಸಾಕು, ಕೇಳುವುದಕ್ಕೆ ಸಾಲದು. ವ್ಯಾಕರಣ ತಪ್ಪೀತೆಂಬ ಅಂಜಿಕೆಯಿಂದ ಎಷ್ಟೋ ಸಂದೇಹಗಳು ಗಂಟಲಲ್ಲಿಯೇ ಉಳಿದುಬಿಡುತ್ತವೆ.

ಈಗ ಯಂತ್ರವೇ ಅನುವಾದ ಮಾಡಿಕೊಡುತ್ತದೆಯಲ್ಲ ಎನ್ನಬಹುದು. ನಿಜ, ಅದರಿಂದ ಉಪಕಾರವಾಗಿದೆ. ಆದರೆ ಉತ್ತರ ಕೇಳಿದವನೊಬ್ಬನಿಗೆ ಸಲ್ಲುತ್ತದೆ. ಅವನ ಪ್ರಶ್ನೆಯಾಗಲಿ ಅದರ ಪರಿಹಾರವಾಗಲಿ ಮುಂದೆ ಬರುವವನಿಗೆ ಕನ್ನಡದಲ್ಲಿ ದೊರೆಯುವುದಿಲ್ಲ. ಬೆಂಗಳೂರಿನಲ್ಲಿ ಈ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಊಟದ ವಿರಾಮದಲ್ಲಿ ಇವೇ ವಿಷಯಗಳನ್ನು, ಇಂಗ್ಲಿಷ್ ಪದಗಳನ್ನು ಧಾರಾಳವಾಗಿ ಬೆರೆಸಿ, ಕನ್ನಡದಲ್ಲಿಯೇ ಚರ್ಚಿಸುತ್ತಾರಂತೆ. ಆ ಚರ್ಚೆಯ ಒಂದು ಸಾಲನ್ನೂ ಅವರಲ್ಲಿ ಯಾರೊಬ್ಬರೂ ಬರೆದಿಟ್ಟುದನ್ನು ನಾನು ಕಂಡಿಲ್ಲ.