ಆಸ್ಟರ್ ಪ್ಲೇಸಿನ ದೊಂಬಿ

ಇಬ್ಬರು ನಟರಲ್ಲಿ ಯಾರು ಹೆಚ್ಚು ಎಂಬ ಕಲಹಕ್ಕೆ ಜನ ಪ್ರಾಣ ತೆತ್ತರೆಂದರೆ ನಂಬುವುದು ಕಷ್ಟ. 1849ರ ಮೇ 10ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ನಡೆದುದು ಅದೇ ಎಂದು ಹೇಳುವ ವಾಡಿಕೆಯುಂಟು. ಇದು ಅರ್ಧ ಸತ್ಯ.

ಇಂಗ್ಲೆಂಡಿನ ವಿಲಿಯಂ ಮೆಕ್ರೀಡಿಯ ಅಭಿನಯ ಅಳೆದು ತೂಗಿದುದು; ಅಮೆರಿಕದ ಎಡ್ವಿನ್ ಫಾರೆಸ್ಟನದು ತುಂಬು ಕಂಠದ ಆರ್ಭಟ. 1845ರಲ್ಲಿ ಲಂಡನ್ನಿನ ಪ್ರೇಕ್ಷಕರು ತನ್ನನ್ನು ಹೀಯಾಳಿಸಿದಾಗ ಫಾರೆಸ್ಟನು ಅದನ್ನು ಮೆಕ್ರೀಡಿಯ ಪಿತೂರಿಯೆಂದು ಬಗೆದನು. ಮರುವರ್ಷ ಎಡಿನ್‌ಬರೋದಲ್ಲಿ ಮೆಕ್ರೀಡಿ ಹ್ಯಾಮ್ಲೆಟ್ ಪಾತ್ರದಲ್ಲಿದ್ದಾಗ ಪ್ರೇಕ್ಷಕರ ನಡುವಿನಿಂದ ತಾನೇ ಅವನನ್ನು ಹೀಯಾಳಿಸಿದನು. ಕಲಾವಿದನಿಗೆ ಒಪ್ಪದ ನಡತೆ. ಆದರೂ ಅಲ್ಲಿಯವರೆಗೆ ಅದು ಇಬ್ಬರ ಹಗೆತನವಷ್ಟೆ.

ಅದು ಊರಿನ ಹಗೆತನವಾಗಿ ಬೆಳೆಯಲು ಬೇರೆ ಕಾರಣವಿತ್ತು. ಆಸ್ಟರ್ ಪ್ಲೇಸಿನ ಆಪೆರಾ ಮಂದಿರವು 1847ರಲ್ಲಿ ಸಿರಿವಂತರ ಅಭಿರುಚಿಗೆಂದು ಕಟ್ಟಿದುದು. ಅಲ್ಲಿ ಕೈಗವಸು ತೊಟ್ಟು ಬರಬೇಕೆಂಬ ನಿಯಮವಿತ್ತು. ದುಡಿಯುವ ಜನರ ಕಣ್ಣಿಗೆ ಫಾರೆಸ್ಟ್ ತಮ್ಮವನು, ಮೆಕ್ರೀಡಿ ಕೈಗವಸಿನವರ ನಟ. ಮೇ 7ರಂದು ಅಲ್ಲಿ ಮ್ಯಾಕ್‌ಬೆತ್ ಆಡುತ್ತಿದ್ದ ಮೆಕ್ರೀಡಿಯತ್ತ ಮೊಟ್ಟೆ, ಆಲೂಗೆಡ್ಡೆ, ಕಡೆಗೆ ಕುರ್ಚಿಗಳೂ ತೂರಿಬಂದವು. ನಾಟಕ ನಿಂತಿತು, ಅವನು ಸ್ವದೇಶಕ್ಕೆ ಹೊರಡಲು ನಿಶ್ಚಯಿಸಿದನು. ಆಗ ಸಾಹಿತಿಗಳಾದ ವಾಷಿಂಗ್ಟನ್ ಇರ್ವಿಂಗ್, ಹರ್ಮನ್ ಮೆಲ್ವಿಲ್ ಮೊದಲಾದ 47 ಮಂದಿ ಗಣ್ಯರು ಮತ್ತೆ ಆಡಬೇಕೆಂದು ಅವನನ್ನು ಕೋರಿದರು. ಪುಂಡಾಟಕ್ಕೆ ಕಲೆ ಬಾಗಬಾರದೆಂಬುದು ತತ್ತ್ವವಾಗಿ ಸರಿಯೇ. ಆದರೆ ಮೊಟ್ಟೆ ಎಸೆದವರ ಮುನಿಸು ನಟನೊಬ್ಬನ ಮೇಲಿನದಲ್ಲವೆಂಬುದನ್ನು ಈ ಸಹೃದಯರು ಗಣಿಸಲಿಲ್ಲ. ಸೈನ್ಯವನ್ನು ಸಿದ್ಧವಾಗಿರಿಸಿ ಆಡಿಸುವ ನಾಟಕ ಕಲೆಯ ಗೆಲುವೆನಿಸೀತೆ?

ಈ ನಗರವನ್ನು ಆಳುವವರು ಅಮೆರಿಕನ್ನರೋ ಇಂಗ್ಲಿಷರೋ ಎಂದು ಕೆಣಕುವ ಭಿತ್ತಿಪತ್ರಗಳು ಗೋಡೆಗಳಲ್ಲಿ ಕಾಣಿಸಿಕೊಂಡವು. ಮೇ 10ರ ಸಂಜೆ ಮಂದಿರದ ಹೊರಗೆ ಸುಮಾರು 10,000 ಜನ ನೆರೆದು ಕಲ್ಲು ತೂರತೊಡಗಿದರು. ಒಳಗೆ ಮೆಕ್ರೀಡಿ ಹೇಗೋ ನಾಟಕ ಮುಗಿಸಿ, ವೇಷ ಮರೆಸಿಕೊಂಡು ಪಾರಾದನು. ಹೊರಗೆ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದರು. ಕನಿಷ್ಠ 22 ಮಂದಿ ಮಡಿದರು. ಅವರಲ್ಲಿ ಅನೇಕರು ಗದ್ದಲವೇನೆಂದು ನೋಡಲು ನಿಂತವರು. ಅದೇ ರಾತ್ರಿ ಫಾರೆಸ್ಟನು ಇನ್ನೊಂದು ರಂಗಮಂದಿರದಲ್ಲಿ, ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್‌ನ ಪಾತ್ರದಲ್ಲಿದ್ದನು!

ಸಾವುಗಳ ವಿಚಾರಣೆ ನಡೆಸಿದ ಪಂಚರು ಗುಂಡಿನ ಆಜ್ಞೆಯನ್ನು ಸಮರ್ಥಿಸಿದರು. ಪೊಲೀಸರು ಹೆಚ್ಚಾಗಿದ್ದಿದ್ದರೆ ಸೈನ್ಯದ ಅಗತ್ಯ ಬೀಳದೆ ಇರಬಹುದಾಗಿತ್ತೆಂದೂ ಹೇಳಿದರು. ಈ ಎರಡನೆಯ ಮಾತಿಗೇ ಹೆಚ್ಚು ತೂಕ ಸಲ್ಲಬೇಕಾಗಿತ್ತು. ಮೆಕ್ರೀಡಿ ಕೆಲವೇ ದಿನಗಳಲ್ಲಿ ಹಡಗೇರಿದನು. ಕೀರ್ತಿಗುಂದಿದ ಆ ಆಪೆರಾ ಮಂದಿರ ಕೆಲವು ವರ್ಷಗಳಲ್ಲಿ ಗ್ರಂಥಾಲಯವಾಯಿತು.