ವಿಹಾರ ದೋಣಿ: ಮೇಲಂತಸ್ತಿನ ಅಪಾಯ

ನೀಲೇಶ್ವರ, ವಲಿಯಪರಂಬದ ಹಿನ್ನೀರಿನಲ್ಲಿ ತೇಲುವ ಹೌಸ್‌ಬೋಟಿನ ಮೂಲರೂಪ ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳ. ಮೊಳೆಯಿಲ್ಲದೆ ತೆಂಗಿನ ಹುರಿಯಿಂದ ಹಲಗೆ ಬಿಗಿದ, ಭಾರ ಹೊರಲೆಂದೇ ಹುಟ್ಟಿದ ದೋಣಿಯದು. 2023ರ ಮೇ 7ರಂದು ತಾನೂರಿನಲ್ಲಿ ಮಗುಚಿ 22 ಜೀವಗಳನ್ನು ಬಲಿತೆಗೆದುಕೊಂಡದ್ದಾದರೋ ಮೀನುಗಾರಿಕೆಯ ದೋಣಿ. ಮೇಲಂತಸ್ತು ಕಟ್ಟಿ ಅದನ್ನು ವಿಹಾರಕ್ಕೆ ಇಳಿಸಲಾಗಿತ್ತು. ಬಲೆ, ಮೀನು ತಳದಲ್ಲಿರುತ್ತವೆ, ಪ್ರವಾಸಿಗರು ಮೇಲೇರುತ್ತಾರೆ. ಭಾರ ಮೇಲಕ್ಕೇರಿದಷ್ಟೂ, ವಾಲಿದ ದೋಣಿ ಮರಳಿ ನೆಟ್ಟಗಾಗುವ ಶಕ್ತಿ ಕುಂದುತ್ತದೆ. 2009ರಲ್ಲಿ ತೇಕ್ಕಡಿಯಲ್ಲಿ 45 ಮಂದಿ ಸತ್ತದ್ದೂ ಎರಡಂತಸ್ತಿನ ದೋಣಿಯಲ್ಲೇ.

ಲೈಫ್ ಜಾಕೆಟ್ ಬೇಕು, ಸರಿ. ಆದರೆ ಈ ದೋಣಿಯನ್ನು ಯಾವ ಕೆಲಸಕ್ಕಾಗಿ ಕಟ್ಟಿದ್ದೆಂದು ಪರವಾನಗಿ ಕೊಡುವವರು ಮೊದಲು ಕೇಳಬೇಡವೇ? ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ನಾವು ಅಧ್ಯಾಪಕರೂ ದೋಣಿ ಹತ್ತುವ ಮುನ್ನವೇ ಕೇಳಬೇಕು. 2007ರಲ್ಲಿ ತಟ್ಟೇಕ್ಕಾಡಿನಲ್ಲಿ ಮುಳುಗಿದವರು 15 ಮಕ್ಕಳು, ಅವರ ಜೊತೆಗಿದ್ದ ಮೂವರು ಅಧ್ಯಾಪಕರು.