ಕಿವಿಗೆ ಕೇಳದ ಬಡಿತ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುತ್ತ, ತನ್ನ ಹಳೆಯ ಮಿನಿ ಕೂಪರ್ ಎಸ್ ಕಾರಿನ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸುವ ಹಂಬಲವನ್ನು ತೋಡಿಕೊಂಡನು. “ಎಂಜಿನ್ ಬಡಿಯುವುದಿಲ್ಲವೇನೋ?” ಎಂದು ಕೇಳಿದೆ. “ಇಲ್ಲ ಮಾಮಾ, ಕಿವಿಗೆ ಏನೂ ಕೇಳಸವಲ್ದು. ಛಲೋ ಓಡಾಕತ್ತೈತಿ” ಎಂದನು. ಆ ಮಾತೇ ಈ ಸಲದ ಅಂಕಣಕ್ಕೆ ವಸ್ತುವಾಯಿತು. ಸೂಪರ್‌ಚಾರ್ಜರ್ ಉಳ್ಳ ಕಾರಿನ ಮಟ್ಟಿಗೆ, ಕಿವಿಗೆ ಕೇಳಲಿಲ್ಲವೆಂಬುದು ಯಾವ ಭರವಸೆಯನ್ನೂ ನೀಡಲಾರದು.

ಬಡಿತವೆಂದರೇನು? ನಮ್ಮ ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ. ಸಿಲಿಂಡರಿನಲ್ಲಿ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಿದೊಡನೆ ಜ್ವಾಲೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹರಡಬೇಕು. ಆದರೆ ಜ್ವಾಲೆ ತಲುಪುವ ಮೊದಲೇ, ಮೂಲೆಯಲ್ಲಿ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿಕೊಂಡ ಮಿಶ್ರಣವು ತಾನಾಗಿಯೇ ಒಮ್ಮೆಗೇ ಹೊತ್ತಿಕೊಂಡರೆ, ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಅಪ್ಪಳಿಸುತ್ತವೆ. ಪಿಸ್ಟನ್ನಿನ ಲೋಹವನ್ನು ಉರಿಯಿಂದ ಕಾಯುವ ತೆಳುವಾದ ಅನಿಲದ ಪದರವು ಆಗ ಹರಿದುಹೋಗುತ್ತದೆ. ಬಡಿತವು ಬಲವಾಗಿ ಮುಂದುವರಿದರೆ ಪಿಸ್ಟನ್ನಿನ ರಿಂಗುಗಳ ನಡುವಣ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಸೀಳುತ್ತದೆ. ಸೀಮೆಎಣ್ಣೆ ಬೆರೆತ ಪೆಟ್ರೋಲು ಹಾಕಿಸಿಕೊಂಡು ಅಂಬಾಸಿಡರಿನಲ್ಲಿ ಘಾಟಿ ಹತ್ತಿದ ಹಿರಿಯರಿಗೆ, ಡಬ್ಬಿಯಲ್ಲಿ ಹರಳು ಕುಲುಕಿದಂಥ ಆ ಸದ್ದಿನ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ನಿಧಾನವಾಗಿ ತಿರುಗುವ ಆ ಎಂಜಿನ್ ತನ್ನ ನೋವನ್ನು ಬಾಯಿಬಿಟ್ಟು ಹೇಳುತ್ತಿತ್ತು. ನಾವು ಗೇರು ಇಳಿಸಿ ಅದನ್ನು ಸಂತೈಸುತ್ತಿದ್ದೆವು.

2002ರಲ್ಲಿ ಮಾರುಕಟ್ಟೆಗೆ ಬಂದ, ಆಕ್ಸ್‌ಫರ್ಡಿನಲ್ಲಿ ತಯಾರಾದ ಈ ಮಿನಿಯ ಕಥೆ ಬೇರೆ. ಅದರ 1.6 ಲೀಟರ್ ಎಂಜಿನ್ನಿಗೆ ಬೆಲ್ಟಿನಿಂದ ತಿರುಗುವ ಸೂಪರ್‌ಚಾರ್ಜರ್ ಉಂಟು. ಅದು ಗಾಳಿಯನ್ನು ಬಲವಂತವಾಗಿ ಒಳಗೆ ನೂಕಿ ಸುಮಾರು 163 ಅಶ್ವಶಕ್ತಿಯನ್ನು ಹೊರಡಿಸುತ್ತದೆ. ಹೀಗೆ ಒತ್ತಿದ ಗಾಳಿ ಕಾಯುತ್ತದೆ. ಈ ಬಗೆಯ ಪಂಪಿನಿಂದ ಹೊರಬೀಳುವಾಗ ಅದರ ಉಷ್ಣತೆ 100 ಡಿಗ್ರಿಯನ್ನು ದಾಟುವುದು ಅಸಾಮಾನ್ಯವಲ್ಲ. ಆದುದರಿಂದಲೇ ಅದನ್ನು ತಣಿಸಲು ಇಂಟರ್‌ಕೂಲರನ್ನಿಟ್ಟರು. ಸೂಪರ್‌ಚಾರ್ಜರ್ ಇಲ್ಲದ ಮಿನಿ ಕೂಪರಿನಲ್ಲಿ 10.6ರಷ್ಟಿದ್ದ ಸಂಪೀಡನ ಅನುಪಾತವನ್ನು ಇದರಲ್ಲಿ 8.3ಕ್ಕೆ ಇಳಿಸಿದರು. ಬಡಿತಕ್ಕೂ ಎಂಜಿನ್ನಿಗೂ ನಡುವೆ ತಯಾರಕರು ಬಿಟ್ಟ ಅಂತರವಿದು.

ಈ ಕಾರಿನ ಹವ್ಯಾಸಿಗಳು ಮೊದಲು ಕೈಹಾಕುವುದು ಆ ಅಂತರಕ್ಕೇ. ಸೂಪರ್‌ಚಾರ್ಜರಿನ ಪುಲ್ಲಿಯನ್ನು ತೆಗೆದು, ಶೇಕಡ 15ರಷ್ಟು ಚಿಕ್ಕದನ್ನು ಕೂಡಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಪಂಪು ಸುಮಾರು ಶೇಕಡ 18ರಷ್ಟು ಹೆಚ್ಚು ವೇಗವಾಗಿ ತಿರುಗುತ್ತದೆ. ಒತ್ತಡ ಏರುತ್ತದೆ, ಶಾಖವೂ ಏರುತ್ತದೆ, ಚಾಲಕನಿಗೆ ಹಿಗ್ಗೂ ಏರುತ್ತದೆ. ನನ್ನ ಅಳಿಯನು ಕೊಂಡ ಕಾರಿನಲ್ಲಿ ಹಿಂದಿನ ಒಡೆಯನು ಇದನ್ನು ಮಾಡಿಯೇ ಮಾರಿದ್ದನು. ಇವನಿಗೆ ಅದಕ್ಕಿಂತಲೂ ಚಿಕ್ಕ ಪುಲ್ಲಿ ಬೇಕಾಗಿತ್ತು!

ಹಾಗಾದರೆ ಬಡಿತ ಏಕೆ ಕೇಳಲಿಲ್ಲ? ಸೂಪರ್‌ಚಾರ್ಜರಿನ ಸಿಳ್ಳೂ ಸೈಲೆನ್ಸರಿನ ಅಬ್ಬರವೂ ಅದನ್ನು ನುಂಗುತ್ತವೆ ಎಂಬುದು ಒಂದು ಕಾರಣ. ಇನ್ನೊಂದು ಇದಕ್ಕಿಂತ ಸೂಕ್ಷ್ಮವಾದುದು. ಎಂಜಿನ್ನಿನ ಮೈಗೆ ಬೋಲ್ಟ್ ಮಾಡಿದ ನಾಕ್ ಸೆನ್ಸರ್ ಎಂಬ ಪುಟ್ಟ ಸಾಧನವು ಕಂಪನವನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಈ ಕಾರಿನ ಸಿಲಿಂಡರಿನ ವ್ಯಾಸ 77 ಮಿಲಿಮೀಟರ್. ಅಂಥ ಕೊಳವೆಯಲ್ಲಿ ಬಡಿತದ ಅಲೆಯು ಸೆಕೆಂಡಿಗೆ ಸುಮಾರು 7,000 ಸಲ ಕಂಪಿಸುತ್ತದೆ. ಪಿಸ್ಟನ್ ಮೇಲ್ತುದಿ ಮುಟ್ಟಿ ಕೆಳಗಿಳಿಯತೊಡಗಿದ ಕ್ಷಣದಲ್ಲಿ ಮಾತ್ರ ಕಂಪ್ಯೂಟರು ಆ ಶ್ರುತಿಗೆ ಕಿವಿಗೊಟ್ಟು, ಬಡಿತ ಕಂಡರೆ ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಬಡಿತ ನಿಲ್ಲುತ್ತದೆ. ಚಾಲಕನಿಗೆ ತುಸು ಮಂದವೆನಿಸಬಹುದು, ಅಷ್ಟೆ. ಆದರೆ ತಡವಾಗಿ ಉರಿದ ಮಿಶ್ರಣವು ಹೊಗೆಕೊಳವೆಯನ್ನು ಹೆಚ್ಚು ಕಾಯಿಸುತ್ತದೆ. ಕಂಪ್ಯೂಟರು ಹಿಂದೆಗೆಯುವುದಕ್ಕೂ ಒಂದು ಎಲ್ಲೆಯಿದೆ. ಆ ಎಲ್ಲೆ ಎಷ್ಟು ಸಮೀಪದಲ್ಲಿದೆ ಎಂಬುದು ಅಳತೆಯಿಂದಲ್ಲದೆ ತಿಳಿಯದು.

ಆದುದರಿಂದ ಆತನಿಗೆ ಹೇಳಿದೆ: ಪುಲ್ಲಿ ಆಮೇಲೆ, ಮೊದಲು ಅಳತೆ. ರಸ್ತೆಯಲ್ಲಿ ಬೇಡ, ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸುವ ಡೈನೋ ಇರುವ ಕಾರ್ಯಾಗಾರಕ್ಕೆ ಹೋಗು. ಡ್ಯಾಶ್‌ಬೋರ್ಡಿನ ಕೆಳಗಿನ ತಪಾಸಣಾ ಸಾಕೆಟ್ಟಿನಿಂದ ಕಿಡಿಯ ಕಾಲವನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ದಾಖಲಿಸಿಕೊ. ಗಾಳಿ-ಇಂಧನದ ಪ್ರಮಾಣ ಅಳೆಯಲು ಬೇರೆ ಮೀಟರು ಬೇಕಾದೀತು. ಒಂದೇ ಓಟಕ್ಕೆ ತೃಪ್ತನಾಗದೆ, ಎಂಜಿನ್ ಕಾದಂತೆ ಮೇಲಿಂದ ಮೇಲೆ ಮೂರು ಸಲ ಓಡಿಸು. ಎಂಜಿನ್ನಿಗೆ ಮೈಕ್ ತಗುಲಿಸಿ ಹೆಡ್‌ಫೋನಿನಲ್ಲಿ ಆಲಿಸುವ ಅನುಭವಿಗಳು ಅಲ್ಲಿ ಸಿಗುತ್ತಾರೆ. ಅವರ ಕಿವಿಗೂ ಅಂಕಿಗಳಿಗೂ ತಾಳೆಯಾಗಬೇಕು. ಏಕೆಂದರೆ ಸಡಿಲಗೊಂಡ ತಗಡೊಂದು ಅಲುಗಿದರೂ ಸೆನ್ಸರ್ ಅದನ್ನು ಬಡಿತವೆಂದು ಭ್ರಮಿಸಬಹುದು. ಸೆನ್ಸರಿನ ಬೋಲ್ಟನ್ನು ತಯಾರಕರು ಹೇಳಿದಷ್ಟೇ ಬಿಗಿಯಬೇಕು, ಸಾಮಾನ್ಯವಾಗಿ 20 ನ್ಯೂಟನ್-ಮೀಟರ್. ಹೆಚ್ಚೂಕಡಿಮೆಯಾದರೆ ಅದು ಕೇಳುವ ರೀತಿಯೇ ಬದಲಾಗುತ್ತದೆ.

ಹತ್ತು ದಿನಗಳ ನಂತರ ಅಂಕಿಗಳು ಬಂದವು. ಮೊದಲ ಓಟ ಸಮರ್ಪಕವಾಗಿತ್ತು. ಮೂರನೆಯದರಲ್ಲಿ 5,000 ಸುತ್ತುಗಳನ್ನು ದಾಟಿದ ಮೇಲೆ, ಕಿಡಿಯು ಮೊದಲ ಓಟಕ್ಕಿಂತ 6 ಡಿಗ್ರಿ ಹಿಂದೆ ಸರಿದಿತ್ತು. ಹೆಡ್‌ಫೋನಿನಲ್ಲಿಯೂ ಬಡಿತ ಸ್ಪಷ್ಟವಾಗಿತ್ತಂತೆ. ಹುಡುಕಿದಾಗ ಇಂಟರ್‌ಕೂಲರಿನ ರಬ್ಬರ್ ಜೋಡಣೆಯೊಂದು ಬಿರಿದು ಗಾಳಿ ಸೋರುತ್ತಿತ್ತು. ಟ್ಯಾಂಕಿನಲ್ಲಿದ್ದುದು ಅಗ್ಗದ 95 ಆಕ್ಟೇನ್ ಪೆಟ್ರೋಲು. ರಬ್ಬರು ಬದಲಿಸಿ, 99 ಆಕ್ಟೇನಿನದನ್ನು ತುಂಬಿಸಿ ಮತ್ತೆ ಮೂರು ಸಲ ಓಡಿಸಿದರು. ಮೂರನೆಯ ಓಟದಲ್ಲಿಯೂ 2 ಡಿಗ್ರಿಗಿಂತ ಹೆಚ್ಚು ಸರಿಯಲಿಲ್ಲ.

“ಇನ್ನ ಸಣ್ಣ ಪುಲ್ಲಿ ಹಾಕಸಲೇನು ಮಾಮಾ?” ಎಂದು ಮತ್ತೆ ಕೇಳಿದನು. ಅಂದಿನ ಹವಾಮಾನವೆಷ್ಟಿತ್ತೆಂದು ವಿಚಾರಿಸಿದೆ. ಎಂಟು ಡಿಗ್ರಿಯ ಚಳಿಯಂತೆ. ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆದು ಆ ಕಾಗದವನ್ನು ಕಳಿಸು, ಆಮೇಲೆ ಮಾತಾಡೋಣ ಎಂದೆ. ಕೊಂಡಿದ್ದ ಪುಲ್ಲಿ ಸದ್ಯಕ್ಕೆ ಅವನ ಕಪಾಟಿನಲ್ಲಿದೆ.